ಲಾಂಗ್‌ಇಯರ್‌ಬ್ಯೂನ್ ಏರ್‌ಪೋರ್ಟಿಂದ ಊರಿಗೆ: ಬಸ್ಸಾ, ಟ್ಯಾಕ್ಸಿನಾ, ಬಾಡಿಗೆ ಕಾರಾ, ನಡಿಗೆನಾ?

ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೊರಟಿರೋ ಸ್ನೇಹಿತರು ಫ್ಲೈಟ್ ಬುಕ್ ಮಾಡಿ, ಹೋಟೆಲ್ ಬುಕ್ ಮಾಡಿ, ದಪ್ಪ ಜಾಕೆಟ್ ತಗೊಂಡು, ಎಲ್ಲಾ ಆದ್ಮೇಲೆ ಕೊನೇಲಿ ಕೇಳೋ ಪ್ರಶ್ನೆ ಒಂದೇ, ಏರ್‌ಪೋರ್ಟಿಂದ ಊರಿಗೆ ಹೇಗೆ ಹೋಗೋದು ಅಂತ. ಮ್ಯಾಪಲ್ಲಿ ನೋಡಿದ್ರೆ ಸುಮಾರು 5 ಕಿಲೋಮೀಟರ್ ತೋರ್ಸತ್ತೆ, ಅಷ್ಟೇ ತಾನೇ, ನಡ್ಕೊಂಡೇ ಹೋಗ್ಬಹುದಲ್ಲ ಅನ್ಸತ್ತೆ. ಹಂಗೆ ಅನ್ಸೋದು ಸಹಜ, ಆದ್ರೆ ಇದು ಬೇರೆ ಊರುಗಳ 5 ಕಿಲೋಮೀಟರ್ ಥರ ಅಲ್ಲ, ಅದಕ್ಕೇ ಕೂತು ವಿವರವಾಗಿ ಬರೀತಿದೀನಿ.

ಲಾಂಗ್‌ಇಯರ್‌ಬ್ಯೂನ್ ಇರೋದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಕಲ್ಲಿದ್ದಲು ಗಣಿಗಾಗಿ 1906ರಲ್ಲಿ ಶುರುವಾದ ಊರು, ಈಗ ಟೂರಿಸಂ ಮತ್ತೆ ರಿಸರ್ಚ್ ಮೇಲೆ ನಡೀತಿದೆ. ಊರಿನ ಒಳಗೂ ಸುತ್ತಮುತ್ತನೂ ಸೇರಿಸಿದ್ರೂ ರಸ್ತೆ ಅಂತ ಇರೋದು ನಲವತ್ತು ಚಿಲ್ಲರೆ ಕಿಲೋಮೀಟರ್ ಮಾತ್ರ, ಬೇರೆ ಊರಿಗೆ ಹೋಗೋಕೆ ರಸ್ತೆನೇ ಇಲ್ಲ. ದೋಣಿ, ಹಿಮದ ಮೇಲೆ ಓಡೋ ಸ್ನೋಮೊಬೈಲ್, ವಿಮಾನ, ಹೆಲಿಕಾಪ್ಟರ್ ಅಷ್ಟೇ. ಏರ್‌ಪೋರ್ಟ್ ಊರಿನ ವಾಯವ್ಯಕ್ಕೆ, ಹೊಟೆಲ್‌ನೆಸೆಟ್ ಅನ್ನೋ ಸಮುದ್ರದ ದಂಡೆ ಜಾಗದಲ್ಲಿದೆ. ದಿನಾ ಪ್ಯಾಸೆಂಜರ್ ವಿಮಾನ ಬರೋ ಏರ್‌ಪೋರ್ಟುಗಳಲ್ಲಿ ಪ್ರಪಂಚದಲ್ಲೇ ತುಂಬಾ ಉತ್ತರಕ್ಕಿರೋದು ಇದೇ.

1975ರಲ್ಲಿ ಈ ಏರ್‌ಪೋರ್ಟ್ ಶುರು ಆಗೋವರೆಗೂ ಚಳಿಗಾಲದಲ್ಲಿ ಇಲ್ಲಿನ ಜನ ಹೊರಗಿನ ಪ್ರಪಂಚದಿಂದ ಕಡಿದುಹೋಗ್ತಿದ್ರು. ಸಮುದ್ರ ಹೆಪ್ಪುಗಟ್ಟಿದ್ರೆ ಹಡಗು ಬರಲ್ಲ. ಮಧ್ಯೆ ಒಂದಷ್ಟು ವರ್ಷ ಅಡ್ವೆಂಟ್‌ಡಾಲೆನ್ ಕಣಿವೇಲಿ ಹೆಪ್ಪುಗಟ್ಟಿದ ನೆಲದ ಮೇಲೇ ವಿಮಾನ ಇಳಿಸ್ತಿದ್ರು. ಈಗಿನ ರನ್‌ವೇ ಕೂಡ ಯಾವಾಗ್ಲೂ ಹೆಪ್ಪುಗಟ್ಟಿರೋ ನೆಲದ ಮೇಲೇ ಕಟ್ಟಿರೋದು, ಕೆಳಗಿನ ಮಣ್ಣು ಉಬ್ಬಿ ಕುಸಿದು ಮಾಡತ್ತೆ ಅಂತ ಆಮೇಲೆ ಕೆಲವು ಕಡೆ ಅಗೆದು ಇನ್ಸುಲೇಷನ್ ಹಾಕ್ಬೇಕಾಯ್ತು. ಇಷ್ಟೆಲ್ಲಾ ಕಷ್ಟಪಟ್ಟು ಉಳಿಸ್ಕೊಂಡಿರೋ ಜಾಗ ಅದು, ಇಳಿದಾಗ ಒಂದು ನಿಮಿಷ ಸುತ್ತ ನೋಡಿ.

ಸರಿ, ಆಯ್ಕೆ ವಿಷ್ಯಕ್ಕೆ ಬರೋಣ. ನಾವು ಎಲ್ಲಿಗೆ ಹೋದ್ರೂ ಮೊದಲು ಯಾವ್ದು ಅಗ್ಗ ಅಂತ ಕೇಳ್ತೀವಿ, ಇಲ್ಲಿ ಆ ಪ್ರಶ್ನೆ ಕೊನೇಗಿರ್ಲಿ. ಮೊದಲು ಮೂರು ವಿಷ್ಯ ನೋಡ್ಕೊಳ್ಳಿ: ಯಾವ ತಿಂಗಳು ಹೋಗ್ತಿದೀರಾ, ವಿಮಾನ ಎಷ್ಟೊತ್ತಿಗೆ ಇಳಿಯತ್ತೆ, ನಿಮ್ಮ ರೂಮ್ ಊರಿನ ಯಾವ ಮೂಲೇಲಿದೆ. ಈ ಮೂರು ಗೊತ್ತಾದ್ರೆ ಮುಕ್ಕಾಲು ಪಾಲು ಉತ್ತರ ತಾನಾಗೇ ಬರತ್ತೆ, ಆಮೇಲೆ ದುಡ್ಡಿನ ಲೆಕ್ಕ ಹಾಕಿ.

ತಿಂಗಳು ಯಾಕೆ ಮುಖ್ಯ ಅಂದ್ರೆ, ಇಲ್ಲಿ ಅಕ್ಟೋಬರ್ ಕೊನೇಲಿ ಮುಳುಗಿದ ಸೂರ್ಯ ಫೆಬ್ರವರಿ ಮಧ್ಯದವರೆಗೂ ದಿಗಂತದ ಮೇಲೆ ಬರಲ್ಲ. ಸುತ್ತ ಬೆಟ್ಟ ಇರೋದ್ರಿಂದ ಊರಿಗೆ ಬಿಸಿಲು ಬೀಳೋದು ಮಾರ್ಚ್ 8ರ ಹೊತ್ತಿಗೆ, ಅದಕ್ಕೆ ಊರವ್ರು ಒಂದು ವಾರ ಹಬ್ಬನೇ ಮಾಡ್ತಾರೆ. ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ಮಧ್ಯಾಹ್ನ 12 ಗಂಟೆಗೂ ರಾತ್ರಿ ಥರನೇ ಕತ್ತಲೆ. ಅದೇ ಏಪ್ರಿಲ್ 20ರ ಆಸುಪಾಸಿಂದ ಆಗಸ್ಟ್ 22–23ರವರೆಗೆ ಸೂರ್ಯ ಮುಳುಗೋದೇ ಇಲ್ಲ, ರಾತ್ರಿ ಒಂದು ಗಂಟೆಗೆ ಇಳಿದ್ರೂ ಬೆಳಕಿರತ್ತೆ. ಹಂಗಾಗಿ ಜುಲೈಗೆ ಕೊಟ್ಟ ಸಲಹೆ ಡಿಸೆಂಬರ್‌ಗೆ ಉಪಯೋಗ ಇಲ್ಲ, ಇಂಟರ್ನೆಟ್ಟಲ್ಲಿ ಯಾರಾದ್ರೂ ಆರಾಮಾಗಿ ನಡ್ಕೊಂಡು ಬಂದ್ವಿ ಅಂತ ಬರೆದಿದ್ರೆ ಅವ್ರು ಯಾವ ತಿಂಗಳು ಹೋಗಿದ್ರು ಅಂತ ಮೊದಲು ನೋಡಿ.

ಬಸ್ಸು

ಹೆಚ್ಚಿನವ್ರಿಗೆ ನನ್ನ ಉತ್ತರ ಬಸ್ಸು. ಅಲ್ಲಿ ಫ್ಲೈಬುಸ್ಸೆನ್ ಅಂತಾರೆ, ಏರ್‌ಪೋರ್ಟ್ ಬಸ್ಸು ಅಂದ್ರೂ ಎಲ್ಲರಿಗೂ ಗೊತ್ತಾಗತ್ತೆ. ಓಸ್ಲೋ ಇಲ್ಲಾ ಟ್ರೊಮ್ಸೊ ಕಡೆಯಿಂದ ವಿಮಾನ ಬಂದಾಗ ಟರ್ಮಿನಲ್ ಮುಂದೆ ನಿಂತಿರತ್ತೆ. ಇದಕ್ಕೆ ಗಂಟೆಗೊಂದು, ಅರ್ಧ ಗಂಟೆಗೊಂದು ಅನ್ನೋ ಲೆಕ್ಕ ಇಲ್ಲ, ವಿಮಾನ ಯಾವಾಗ ಬರತ್ತೋ ಆವಾಗ ಬಸ್ಸು. ವಿಮಾನ ಲೇಟಾದ್ರೆ ಬಸ್ಸೂ ಲೇಟು, ಮಧ್ಯರಾತ್ರಿ ಮೇಲೆ ಬರೋ ವಿಮಾನಕ್ಕೂ ಇರತ್ತೆ. ಲಗೇಜ್ ಬರೋದು ತಡ ಆಯ್ತು, ಬಸ್ಸು ಹೋಗ್ಬಿಟ್ರೆ ಏನ್ಮಾಡೋದು ಅಂತ ಗಾಬರಿ ಪಡೋದು ಬೇಡ. ಲಗೇಜ್ ಬೆಲ್ಟಿನ ಮಧ್ಯದಲ್ಲಿ ಒಂದು ಹಿಮಕರಡಿ, ಸ್ಟಫ್ ಮಾಡಿದ್ದು, ನಿಂತಿದೆ, ಎಲ್ಲರೂ ಅದರ ಫೋಟೋ ತೆಗೀತಾ ಇರ್ತಾರೆ, ಆದ್ರೂ ಬಸ್ಸು ಸಿಗತ್ತೆ.

ಟಿಕೆಟ್ ಒಬ್ರಿಗೆ ನೂರು ನಾರ್ವೆ ಕ್ರೋನರ್ ಆಸುಪಾಸು, ಅಂದ್ರೆ ನಮ್ಮ ಲೆಕ್ಕದಲ್ಲಿ ಎಂಟುನೂರು ಒಂಬೈನೂರು ರೂಪಾಯಿ. ಹತ್ತು ನಿಮಿಷದ ದಾರಿಗೆ ಇಷ್ಟಾ ಅನ್ಸತ್ತೆ, ಗೊತ್ತು. ಆದ್ರೆ ಆ ದುಡ್ಡಿಗೆ ಏನು ಸಿಗತ್ತೆ ನೋಡಿ. ಈ ಬಸ್ಸು ಒಂದು ಬಸ್‌ಸ್ಟ್ಯಾಂಡಲ್ಲಿ ಇಳಿಸಿ ಹೋಗೋದಲ್ಲ, ಊರಿನ ಹೋಟೆಲು, ಗೆಸ್ಟ್‌ಹೌಸುಗಳ ಬಾಗಿಲಿಗೇ ಒಂದೊಂದಾಗಿ ಹೋಗತ್ತೆ. ಮಲೆನಾಡಿನ ಕೊನೇ ಬಸ್ಸಿನ ಡ್ರೈವರಿಗೆ ಯಾರ ಮನೆ ಗೇಟು ಎಲ್ಲಿ ಅಂತ ಗೊತ್ತಿರೋ ಹಾಗೆ, ನೀವು ಹೋಟೆಲ್ ಹೆಸರು ಹೇಳಿದ್ರೆ ಸಾಕು, ಎಲ್ಲಿ ಇಳೀಬೇಕು ಅಂತ ಅವ್ರೇ ಹೇಳ್ತಾರೆ. ಬಸ್ಸಲ್ಲೇ ಕಾರ್ಡ್ ಕೊಟ್ಟು ಟಿಕೆಟ್ ತಗೋಬಹುದು, ಕ್ರೋನರ್ ನೋಟು ಹುಡುಕ್ಕೊಂಡು ಹೋಗೋ ಅವಶ್ಯಕತೆ ಇಲ್ಲ, ಇಂಗ್ಲಿಷಲ್ಲಿ ಮಾತಾಡಿದ್ರೆ ಆಯ್ತು.

ನಿಮ್ಮ ರೂಮ್ ಎಲ್ಲಿದೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರತ್ತೆ. ಲಾಂಗ್‌ಇಯರ್‌ಬ್ಯೂನ್ ಒಂದು ಉದ್ದನೆ ಕಣಿವೇಲಿ ಹರಡ್ಕೊಂಡಿದೆ, ಸಮುದ್ರದ ಕಡೆ ಅಂಗಡಿ, ಚರ್ಚು, ದೊಡ್ಡ ಹೋಟೆಲು, ಕಣಿವೆ ಮೇಲ್ತುದೀಲಿ ನೀಬ್ಯೂನ್ ಅನ್ನೋ ಜಾಗ. ಹಳೇ ಗಣಿ ಕಾರ್ಮಿಕರ ಬ್ಯಾರಕ್ಕುಗಳನ್ನ ಗೆಸ್ಟ್‌ಹೌಸ್ ಮಾಡಿರೋದು ಹೆಚ್ಚಾಗಿ ಅಲ್ಲೇ, ರೇಟ್ ಸ್ವಲ್ಪ ಕಮ್ಮಿ ಅಂತ ನಮ್ಮ ಕಡೆಯವ್ರು ಅಲ್ಲೇ ಬುಕ್ ಮಾಡ್ತಾರೆ. ಊರ ಮಧ್ಯದಿಂದ ಅದು ಎರಡು ಕಿಲೋಮೀಟರಿಗೂ ಜಾಸ್ತಿ, ಅದೂ ಏರು ದಾರಿ. ಅಂದ್ರೆ ಏರ್‌ಪೋರ್ಟಿಂದ ಲೆಕ್ಕ ಹಾಕಿದ್ರೆ ಏಳು ಕಿಲೋಮೀಟರ್ ದಾಟತ್ತೆ. ನೀಬ್ಯೂನಲ್ಲಿ ಉಳ್ಕೊಳ್ಳೋರು ಬಸ್ಸು ಬಿಟ್ಟು ಬೇರೆ ಯೋಚನೆ ಮಾಡೋದೇ ಬೇಡ, ಒಂದೇ ಟಿಕೆಟ್ಟಲ್ಲಿ ಬಾಗಿಲವರೆಗೂ ಬಿಡ್ತಾರೆ.

ಬಸ್ಸಿನ ತೊಂದ್ರೆ ಅಂದ್ರೆ ಒಂದೇ, ಎಲ್ಲರನ್ನೂ ಇಳಿಸ್ತಾ ಇಳಿಸ್ತಾ ಹೋಗೋದ್ರಿಂದ ನಿಮ್ಮ ಹೋಟೆಲ್ ಕೊನೇದಾಗಿದ್ರೆ ಸ್ವಲ್ಪ ಹೊತ್ತು ಕೂತಿರ್ಬೇಕು. ಬೆಚ್ಚಗೆ ಕೂತು ಊರು ನೋಡ್ತಾ ಹೋಗೋದು ನನಗಂತೂ ತೊಂದ್ರೆ ಅನ್ಸಲ್ಲ, ಯಾವ ಅಂಗಡಿ ಎಲ್ಲಿದೆ ಅಂತ ಮೊದಲ ದಿನವೇ ಗೊತ್ತಾಗ್ಬಿಡತ್ತೆ.

ಟ್ಯಾಕ್ಸಿ

ಓಲಾ ಊಬರ್ ಇಲ್ಲ. ಲೋಕಲ್ ಟ್ಯಾಕ್ಸಿ ಇದೆ, ಫೋನ್ ಮಾಡಿ ಕರೀಬೇಕು. ಒಬ್ರೇ ಹೋಗ್ತಿದ್ರೆ ಬಸ್ಸಿಗಿಂತ ಖಂಡಿತ ಜಾಸ್ತಿ ಆಗತ್ತೆ, ಆದ್ರೆ ಮೂರು ನಾಲ್ಕು ಜನ ಇದ್ರೆ ಹತ್ತಿರ ಹತ್ತಿರ ಸಮಕ್ಕೆ ಬರತ್ತೆ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ರೆ, ಚಿಕ್ಕ ಮಗು ಇದ್ರೆ, ಟ್ಯಾಕ್ಸಿನೇ ಒಳ್ಳೇದು ಅಂತೀನಿ.

ಆದ್ರೆ ಟ್ಯಾಕ್ಸಿ ನಂಬ್ಕೊಳ್ಳೋರು ಒಂದು ವಿಷ್ಯ ಅರ್ಥ ಮಾಡ್ಕೋಬೇಕು. ಇಲ್ಲಿಗೆ ದಿನಕ್ಕೆ ಬರೋ ವಿಮಾನವೇ ಕಮ್ಮಿ, ಒಂದು ವಿಮಾನ ಬಂತು ಅಂದ್ರೆ ನೂರಕ್ಕೂ ಜಾಸ್ತಿ ಜನ ಒಟ್ಟಿಗೇ ಹೊರಗೆ ಬರ್ತಾರೆ, ಎಲ್ಲರಿಗೂ ಅದೇ ಇಪ್ಪತ್ತು ನಿಮಿಷದಲ್ಲಿ ಗಾಡಿ ಬೇಕು. ಊರಲ್ಲಿರೋ ಟ್ಯಾಕ್ಸಿ ಬೆರಳೆಣಿಕೆಯಷ್ಟು. ಹಂಗಾಗಿ ಮುಂಚೆನೇ ಹೇಳಿಡದೇ ಹೊರಗೆ ಬಂದು ಹುಡುಕಿದ್ರೆ ಮೊದಲ ಟ್ರಿಪ್ ಮುಗಿಸ್ಕೊಂಡು ವಾಪಸ್ ಬರೋವರೆಗೂ ಕಾಯ್ಬೇಕಾಗಬಹುದು. ಓಸ್ಲೋಲಿ ವಿಮಾನ ಹತ್ತೋ ಮುಂಚೆನೇ ಫೋನ್ ಮಾಡಿ ಟೈಮ್ ಹೇಳಿಡಿ, ಇಲ್ಲಾ ಹೋಟೆಲ್‌ನವ್ರಿಗೆ ಮೇಲ್ ಮಾಡಿ ಅವ್ರ ಕೈಲೇ ಬುಕ್ ಮಾಡಿಸಿ.

ಟ್ಯಾಕ್ಸಿಯಿಂದ ಇನ್ನೊಂದು ಲಾಭ ಇದೆ. ಏರ್‌ಪೋರ್ಟಿನ ಮೇಲಿನ ಗುಡ್ಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಎತ್ತರದಲ್ಲಿ, ಪ್ರಪಂಚದ ಬೆಳೆಗಳ ಬೀಜ ಕಾಪಿಡೋ ದೊಡ್ಡ ಉಗ್ರಾಣ ಇದೆ, ಗ್ಲೋಬಲ್ ಸೀಡ್ ವಾಲ್ಟ್, 2008ರ ಫೆಬ್ರವರಿಲಿ ಶುರುವಾಗಿದ್ದು. ಒಳಗೆ ಬಿಡಲ್ಲ, ಬೆಟ್ಟದಿಂದ ಚಾಚ್ಕೊಂಡಿರೋ ಬಾಗಿಲು ಮಾತ್ರ ಹೊರಗಿಂದ ನೋಡ್ಬಹುದು. ಹೈದರಾಬಾದ್ ಹತ್ರ ಇರೋ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ತನ್ನ ಹತ್ರ ಇರೋ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ತಳಿಗಳ ಬೀಜ ಅಲ್ಲಿ ಕಾಪಿಟ್ಟಿದೆ. ನಮ್ಮ ಉತ್ತರ ಕರ್ನಾಟಕದ ರೊಟ್ಟಿ, ಬೇಳೆಗೆ ಬೇಕಾದ ಬೆಳೆಗಳ ಬೀಜ ಅಷ್ಟು ದೂರದ ಹೆಪ್ಪುಗಟ್ಟಿದ ಬೆಟ್ಟದೊಳಗೆ ಇದೆ ಅನ್ನೋದು ನೆನೆಸ್ಕೊಂಡ್ರೆ ನನಗೆ ಮನಸ್ಸು ತುಂಬಿ ಬರತ್ತೆ, ಅದಕ್ಕೇ ಹೋದವ್ರೆಲ್ಲಾ ನೋಡ್ಕೊಂಡು ಬನ್ನಿ ಅಂತೀನಿ. ಅಲ್ಲಿಗೆ ಬಸ್ಸು ಹೋಗಲ್ಲ. ವಾಪಸ್ ಹೋಗೋ ದಿನ ಟ್ಯಾಕ್ಸಿಯವ್ರಿಗೆ ಒಂದರ್ಧ ಗಂಟೆ ಮುಂಚೆ ಬರೋಕೆ ಹೇಳಿ, ವಾಲ್ಟ್ ತೋರ್ಸಿ ಏರ್‌ಪೋರ್ಟಿಗೆ ಬಿಡಿ ಅಂದ್ರೆ ಒಂದೇ ಖರ್ಚಲ್ಲಿ ಎರಡೂ ಆಗತ್ತೆ. ರೇಟ್ ಮಾತ್ರ ಹತ್ತೋ ಮುಂಚೆ ಕೇಳ್ಕೊಳ್ಳಿ.

ನಡ್ಕೊಂಡು ಹೋಗೋದು

ಇದರ ಬಗ್ಗೆ ಜಾಸ್ತಿ ಬರೀಬೇಕು, ಯಾಕಂದ್ರೆ ದುಡ್ಡು ಉಳಿಯತ್ತೆ ಅಂತ ಯೂಟ್ಯೂಬ್ ನೋಡಿ ಎಲ್ಲರೂ ಇದನ್ನೇ ಕೇಳ್ತಾರೆ.

ದಾರಿ ಕಷ್ಟದ್ದಲ್ಲ. ಸಮುದ್ರದ ದಂಡೆ ಪಕ್ಕದಲ್ಲೇ ರಸ್ತೆ ಹೋಗತ್ತೆ, ಒಂದು ಕಡೆ ನೀರು, ಇನ್ನೊಂದು ಕಡೆ ಬೆಟ್ಟದ ಇಳಿಜಾರು, ದಾರೀಲಿ ಹಡಗು ನಿಲ್ಲೋ ಜಾಗ ಸಿಗತ್ತೆ, ಒಂದು ಗಂಟೆ ಮೇಲೆ ಸ್ವಲ್ಪ ಹೊತ್ತು ಹಿಡಿಯತ್ತೆ. ಬೇಸಿಗೇಲಿ ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ನಡೆಯೋರು ಇದಾರೆ, ಸೈಕಲ್ಲಲ್ಲಿ ಓಡಾಡೋ ಊರವ್ರೂ ಇದಾರೆ.

ಆದ್ರೆ ಕರಡಿ. ಟರ್ಮಿನಲ್ ಹೊರಗೇ ಬೇರೆ ಬೇರೆ ನಗರಗಳ ದೂರ ತೋರ್ಸೋ ಕಂಬ ಇದೆ, ಅದರ ಜೊತೆ ಹಿಮಕರಡಿಯ ಬೋರ್ಡೂ ಇದೆ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ. ದಯವಿಟ್ಟು ಅದನ್ನ ಫೋಟೋಗೆ ಅಂತ ಹಾಕಿರೋದು ಅನ್ಕೋಬೇಡಿ. ಅದೇ ಥರದ ಬೋರ್ಡು ಊರಿನ ಅಂಚಲ್ಲಿ ಸಿಗತ್ತೆ, ಅದರ ಕೆಳಗೆ ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯ ಅಂತ ನಾರ್ವೆ ಭಾಷೇಲಿ ಬರೆದಿರತ್ತೆ. 2020ರ ಆಗಸ್ಟ್ 28ರ ಬೆಳಗಿನ ಜಾವ, ಏರ್‌ಪೋರ್ಟ್ ಪಕ್ಕದಲ್ಲೇ ಇರೋ ಕ್ಯಾಂಪಿಂಗ್ ಜಾಗದಲ್ಲಿ, ಟೆಂಟಲ್ಲಿ ಮಲಗಿದ್ದ ಒಬ್ರನ್ನ ಹಿಮಕರಡಿ ಕೊಂದುಹಾಕ್ತು. ಅವ್ರು ಅಲ್ಲೇ ಕೆಲಸ ಮಾಡ್ತಿದ್ದವ್ರು, ಜಾಗ ಗೊತ್ತಿದ್ದವ್ರು. ಗುಂಡು ಹೊಡೆದು ಓಡಿಸಿದ ಮೇಲೆ ಆ ಕರಡಿ ಸತ್ತುಬಿದ್ದಿದ್ದು ಏರ್‌ಪೋರ್ಟಿನ ಪಾರ್ಕಿಂಗ್ ಜಾಗದಲ್ಲಿ. 1971ರಿಂದ ಈಚೆಗೆ ಸ್ವಾಲ್‌ಬಾರ್ಡಲ್ಲಿ ಹಿಮಕರಡಿಯಿಂದ ಸತ್ತವ್ರಲ್ಲಿ ಅವ್ರು ಆರನೆಯವ್ರು. ಐವತ್ತು ವರ್ಷದಲ್ಲಿ ಆರು ಜನ ಅಂದ್ರೆ ಕಮ್ಮಿನೇ, ದಿನಾ ಆಗೋ ವಿಷ್ಯ ಅಲ್ಲ, ಹೆದರಿಸೋಕೆ ಹೇಳ್ತಿಲ್ಲ. ಆದ್ರೆ ಕರಡಿ ಏರ್‌ಪೋರ್ಟ್ ಕಡೆ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದು ಸುಳ್ಳು ಅಂತ ಗೊತ್ತಿರ್ಲಿ.

ಊರಿನ ಹೊರಗೆ ಹೋಗೋವಾಗ ಕರಡಿ ಹೆದರಿಸೋಕೆ ಸರಿಯಾದ ಸಾಧನ ಇರ್ಲೇಬೇಕು ಅಂತ ಕಾನೂನೇ ಇದೆ, ಜೊತೆಗೆ ಬಂದೂಕೂ ಇಟ್ಕೊಳ್ಳಿ ಅಂತ ಅಲ್ಲಿನ ಗವರ್ನರ್ ಆಫೀಸಿನ ಸಲಹೆ. ಆ ಆಫೀಸಿಗೆ ಸಿಸೆಲ್‌ಮೆಸ್ಟರೆನ್ ಅಂತಾರೆ, ಪೊಲೀಸು, ಆಡಳಿತ ಎಲ್ಲಾ ಅವ್ರೇ. ಈಗಷ್ಟೇ ವಿಮಾನ ಇಳಿದು ಬಂದಿರೋ ನಮ್ಮಂಥವ್ರ ಹತ್ರ ಬೆಳಕು ಸದ್ದು ಮಾಡಿ ಕರಡಿ ಹೆದರಿಸೋ ಫ್ಲೇರ್ ಗನ್ನೂ ಇರಲ್ಲ, ಬಂದೂಕೂ ಇರಲ್ಲ, ಇದ್ರೂ ಹೊಡೆಯೋಕೆ ಬರಲ್ಲ. ಕೈಲಿ ಟ್ರಾಲಿ ಸೂಟ್‌ಕೇಸ್ ಇರತ್ತೆ. 2025ರ ಜನವರಿ 1ರಿಂದ ಬಂದ ಹೊಸ ನಿಯಮದ ಪ್ರಕಾರ ಹಿಮಕರಡಿಯಿಂದ ಕಮ್ಮಿ ಅಂದ್ರೂ 300 ಮೀಟರ್ ದೂರ ಇರ್ಬೇಕು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಫೋಟೋ ತೆಗೀಬೇಕು ಅಂತ ಹತ್ರ ಹೋಗೋದು ಅಪರಾಧ, ಅದು ಕರಡಿ ಒಳ್ಳೇದಕ್ಕೂ ಹೌದು.

ಬೇಸಿಗೇಲಿ ಇನ್ನೊಂದು ಇದೆ, ಆರ್ಕ್ಟಿಕ್ ಟರ್ನ್ ಅನ್ನೋ ಹಕ್ಕಿ. ಜೂನ್ ಜುಲೈಲಿ ದಂಡೆ ಪಕ್ಕ ನೆಲದ ಮೇಲೇ ಗೂಡು ಮಾಡಿರತ್ತೆ, ಹತ್ರ ಹೋದ್ರೆ ಸೀದಾ ಬಂದು ತಲೆ ಮೇಲೇ ಕುಕ್ಕತ್ತೆ, ರಕ್ತ ಬರೋ ಹಾಗೂ ಕುಕ್ಕತ್ತೆ. ಹಂಗಾದ್ರೆ ಒಂದು ಕೋಲನ್ನೋ ಕೈಯನ್ನೋ ತಲೆಗಿಂತ ಮೇಲೆ ಎತ್ತಿ ಹಿಡ್ಕೊಂಡು ಬೇಗ ಆ ಜಾಗ ಬಿಡ್ಬೇಕು, ಅದು ಮೇಲಿರೋದಕ್ಕೆ ಹೊಡೆಯತ್ತೆ. ಹೊಡೆದು ಓಡಿಸೋಕೆ ಹೋಗ್ಬೇಡಿ, ಪಾಪ ಅದು ಭೂಮಿಯ ಆ ತುದಿಯಿಂದ ಈ ತುದಿಗೆ ಹಾರಿ ಬಂದು ಮರಿ ಮಾಡಿರತ್ತೆ.

ಚಳಿಗಾಲದಲ್ಲಂತೂ ನಡಿಗೆ ಮಾತು ಬೇಡವೇ ಬೇಡ. ಮೈನಸ್ 15 ಅನ್ನೋದು ಅಲ್ಲಿ ಮಾಮೂಲಿ, ಗಾಳಿ ಸೇರಿದ್ರೆ ಅದು ಇನ್ನೂ ಎಷ್ಟೋ ಕೆಳಗಿನ ಥರ ಅನ್ಸತ್ತೆ, ಆ ದಾರೀಲಿ ಸಮುದ್ರದಿಂದ ಬರೋ ಗಾಳಿಗೆ ಮರೆ ಅಂತ ಒಂದು ಮರ ಇಲ್ಲ, ಇಡೀ ದ್ವೀಪದಲ್ಲೇ ಮರ ಇಲ್ಲ. ಕತ್ತಲೇಲಿ ಕರಡಿ ಬಂದ್ರೂ ನಿಮಗೆ ಕಾಣಲ್ಲ, ರಸ್ತೇಲಿ ಐಸ್, ಬರೋ ಗಾಡಿಯವ್ರಿಗೆ ನೀವು ಕಾಣಲ್ಲ.

ಹಾಗಾದ್ರೆ ನಡೆಯೋದು ಯಾವಾಗ ಸರಿ? ನನ್ನ ಅಭಿಪ್ರಾಯ ಇಷ್ಟು: ಬೇಸಿಗೆ ಆಗಿರ್ಬೇಕು, ಮಂಜು ಇರ್ಬಾರ್ದು, ಹಗಲು ಜನ ಗಾಡಿ ಓಡಾಡೋ ಹೊತ್ತಾಗಿರ್ಬೇಕು, ಜೊತೆಗೆ ಯಾರಾದ್ರೂ ಇರ್ಬೇಕು, ಲಗೇಜ್ ಬೆನ್ನ ಮೇಲೆ ಹೊರೋಷ್ಟೇ ಇರ್ಬೇಕು, ಮತ್ತೆ ಆವತ್ತು ಸುತ್ತಮುತ್ತ ಕರಡಿ ಕಂಡಿಲ್ಲ ಅಂತ ಏರ್‌ಪೋರ್ಟಲ್ಲೋ ಹೋಟೆಲಿಗೆ ಫೋನ್ ಮಾಡಿಯೋ ಕೇಳಿರ್ಬೇಕು. ಇದರಲ್ಲಿ ಒಂದು ಇಲ್ಲ ಅಂದ್ರೂ ಬಸ್ಸು ಹತ್ತಿ. ರಾತ್ರಿ ಒಂದು ಗಂಟೆಗೆ ಬಿಸಿಲಿದೆ ಅಂತ ನಡೆಯೋಕೆ ಹೊರಡೋದು ಬೇಡ, ಬೆಳಕಿದ್ರೂ ಆ ಹೊತ್ತಲ್ಲಿ ರಸ್ತೇಲಿ ಯಾರೂ ಇರಲ್ಲ. ಏರ್‌ಪೋರ್ಟಿಂದ ಊರಿನ ಕಡೆ ಬಿಟ್ಟು ಆ ಕಡೆ ಬ್ಯೋರ್ನ್‌ಡಾಲೆನ್ ಕಣಿವೆ ದಿಕ್ಕಿಗೆ, ಇಲ್ಲಾ ಸೀಡ್ ವಾಲ್ಟ್ ಗುಡ್ಡಕ್ಕೆ, ಸುಮ್ನೆ ನೋಡ್ಕೊಂಡು ಬರೋಣ ಅಂತ ಗೈಡ್ ಇಲ್ದೇ ಕಾಲ್ನಡಿಗೇಲಿ ಹೋಗೋದನ್ನಂತೂ ಯಾವ ತಿಂಗಳಲ್ಲೂ ಮಾಡ್ಬೇಡಿ.

ಬಾಡಿಗೆ ಕಾರು, ಸೈಕಲ್ಲು, ಸ್ನೋಮೊಬೈಲು

ಬಾಡಿಗೆ ಕಾರು ಸಿಗತ್ತೆ. ಆದ್ರೆ ನಲವತ್ತು ಚಿಲ್ಲರೆ ಕಿಲೋಮೀಟರ್ ರಸ್ತೆಗೆ ಕಾರು ತಗೊಂಡು ಏನ್ ಮಾಡ್ತೀರಾ ಅನ್ನೋದೇ ಪ್ರಶ್ನೆ. ಒಂದೇ ಒಂದು ಥರದವ್ರಿಗೆ ಇದು ಸರಿ, ಫೋಟೋಗ್ರಫಿಗೆ ಅಂತಲೇ ಹೋಗೋರು, ಕಾರಲ್ಲೇ ಬೆಚ್ಚಗೆ ಕೂತು ಅಡ್ವೆಂಟ್‌ಡಾಲೆನ್ ರಸ್ತೇಲಿ ನಾರ್ದರ್ನ್ ಲೈಟ್ಸ್‌ಗೆ, ರೇನ್‌ಡಿಯರಿಗೆ, ನರಿಗೆ ಕಾಯೋರು. ಅಂಥವ್ರು ಮೂರು ನಾಲ್ಕು ಜನ ಸೇರಿ ತಗೊಂಡ್ರೆ ಏರ್‌ಪೋರ್ಟ್ ಓಡಾಟನೂ ಅದರಲ್ಲೇ ಆಗತ್ತೆ. ಐಸ್ ಮೇಲೆ ಗಾಡಿ ಓಡಿಸಿ ಅಭ್ಯಾಸ ಇಲ್ದೇ ಇದ್ರೆ ಚಳಿಗಾಲದಲ್ಲಿ ತಗೋಬೇಡಿ. ಬೇಸಿಗೇಲೂ ರೇನ್‌ಡಿಯರು ರಸ್ತೆ ಮಧ್ಯದಲ್ಲೇ ನಿಂತಿರ್ತವೆ, ನಿಧಾನಕ್ಕೆ ಹೋಗಿ.

ಸೈಕಲ್ ಊರೊಳಗೆ ಬಾಡಿಗೆಗೆ ಸಿಗೋದು, ಲಗೇಜ್ ಇಟ್ಕೊಂಡು ಬಂದಿಳಿಯೋ ದಿನಕ್ಕೆ ಉಪಯೋಗ ಇಲ್ಲ. ಸ್ನೋಮೊಬೈಲ್ ಊರಲ್ಲಿ ಎಷ್ಟೋ ಮನೆ ಮುಂದೆ ಕಾಣತ್ತೆ, ಹಾಗಂತ ಅದು ಟೂರಿಸ್ಟಿಗೆ ಏರ್‌ಪೋರ್ಟ್ ಗಾಡಿ ಅಲ್ಲ, ಅದು ಊರಾಚೆ ಹಿಮದಲ್ಲಿ ಹೋಗೋಕೆ. ಹೋಟೆಲ್‌ನವ್ರು ಬಂದು ಕರ್ಕೊಂಡು ಹೋಗ್ತಾರಾ ಅಂತ ಕೆಲವರು ಕೇಳ್ತಾರೆ, ಹೆಚ್ಚಿನ ಕಡೆ ಅಂಥ ಗಾಡಿ ಇಟ್ಟಿಲ್ಲ, ಬಸ್ಸೇ ಎಲ್ಲರ ಬಾಗಿಲಿಗೂ ಹೋಗೋದ್ರಿಂದ ಅವ್ರಿಗೆ ಬೇಕಾಗಿಲ್ಲ. ಸ್ನೋಮೊಬೈಲ್, ನಾಯಿಗಾಡಿ ಟೂರ್‌ನವ್ರು ಹೋಟೆಲಿಂದ ಕರ್ಕೊಂಡು ಹೋಗ್ತಾರೆ, ಏರ್‌ಪೋರ್ಟಿಂದ ಅಲ್ಲ, ಅದಕ್ಕೇ ಇಳಿದ ದಿನವೇ ಎರಡು ಗಂಟೆಯೊಳಗೆ ಟೂರ್ ಇಟ್ಕೋಬೇಡಿ.

ವಾಪಸ್ ಬರೋ ದಿನ

ಹೋಗೋದಕ್ಕಿಂತ ವಾಪಸ್ ಬರೋದಕ್ಕೇ ಜಾಸ್ತಿ ಪ್ಲಾನ್ ಬೇಕು, ಯಾಕಂದ್ರೆ ಹೋಗೋವಾಗ ಬಸ್ಸು ನಿಮಗೋಸ್ಕರ ಕಾಯತ್ತೆ, ಬರೋವಾಗ ನೀವು ಬಸ್ಸಿಗೆ ಕಾಯ್ಬೇಕು. ಪ್ರತಿ ವಿಮಾನಕ್ಕೂ ಬಸ್ಸು ಎಷ್ಟೊತ್ತಿಗೆ ಯಾವ ಹೋಟೆಲ್ ಮುಂದೆ ಬರತ್ತೆ ಅನ್ನೋ ಪಟ್ಟಿ ರಿಸೆಪ್ಷನ್‌ನಲ್ಲಿ ಸಿಗತ್ತೆ, ಸುಮಾರಾಗಿ ವಿಮಾನ ಹೊರಡೋ ಎರಡು ಗಂಟೆ ಮುಂಚಿನ ಲೆಕ್ಕ. ಹಿಂದಿನ ರಾತ್ರಿನೇ ನೋಡಿ ಫೋಟೋ ತೆಗೆದಿಟ್ಕೊಳ್ಳಿ. ಆ ಬಸ್ಸು ತಪ್ಪಿದ್ರೆ ಅದೇ ವಿಮಾನಕ್ಕೆ ಇನ್ನೊಂದು ಬಸ್ಸು ಬರತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ, ಆವಾಗ ಟ್ಯಾಕ್ಸಿ ಒಂದೇ ಗತಿ, ಅದೇ ಹೊತ್ತಲ್ಲಿ ಎಲ್ಲರೂ ಟ್ಯಾಕ್ಸಿ ಕೇಳ್ತಿರ್ತಾರೆ. ಟ್ಯಾಕ್ಸಿ ಫೋನ್ ನಂಬರ್ ಮೊಬೈಲಲ್ಲಿ ಸೇವ್ ಮಾಡಿರೋದು ಇಂಥ ಹೊತ್ತಿಗೆ ಕೆಲಸಕ್ಕೆ ಬರತ್ತೆ.

ಅಲ್ಲಿನ ಹೋಟೆಲು, ಗೆಸ್ಟ್‌ಹೌಸುಗಳಲ್ಲಿ ಬಾಗಿಲ ಹತ್ರ ಶೂ ಬಿಟ್ಟು ಒಳಗೆ ಹೋಗೋ ರೂಢಿ ಇದೆ, ಗಣಿ ಕಾಲದಿಂದ ಬಂದಿದ್ದು, ನಮಗೆ ಹೊಸದೇನಲ್ಲ. ಆದ್ರೆ ಬಸ್ಸು ಬಂದು ನಿಂತಾಗ ಉದ್ದನೆ ಬೂಟಿನ ಲೇಸ್ ಕಟ್ತಾ ಕೂತ್ರೆ ಎಲ್ಲರಿಗೂ ತಡ, ಐದು ನಿಮಿಷ ಮುಂಚೆನೇ ಹಾಕ್ಕೊಂಡು ರೆಡಿ ಇರಿ.

ಇನ್ನೊಂದು ಸಣ್ಣ ವಿಷ್ಯ, ಆದ್ರೆ ಎಲ್ಲರೂ ಮರೀತಾರೆ. ಈ ಏರ್‌ಪೋರ್ಟಲ್ಲಿ ಏರೋಬ್ರಿಡ್ಜ್ ಇಲ್ಲ, ವಿಮಾನದಿಂದ ಮೆಟ್ಟಿಲಿಳಿದು ಬಯಲಲ್ಲೇ ನಡ್ಕೊಂಡು ಟರ್ಮಿನಲ್ ಒಳಗೆ ಬರ್ಬೇಕು, ಹತ್ತೋವಾಗ್ಲೂ ಹಂಗೇ. ದಪ್ಪ ಜಾಕೆಟ್ಟು, ಟೋಪಿ, ಗ್ಲೌಸ್ ಚೆಕ್-ಇನ್ ಬ್ಯಾಗಲ್ಲಿ ಹಾಕ್ಬೇಡಿ, ಕೈಲೇ ಇರ್ಲಿ.

ವೀಸಾ ವಿಷ್ಯ ಹೇಳದೇ ಹೋದ್ರೆ ಈ ಬರಹ ಪೂರ್ತಿ ಆಗಲ್ಲ. 1920ರ ಸ್ವಾಲ್‌ಬಾರ್ಡ್ ಒಪ್ಪಂದದಲ್ಲಿ ಭಾರತನೂ ಇದೆ, ಅಲ್ಲಿರೋಕೆ ಅಂತ ಪ್ರತ್ಯೇಕ ವೀಸಾ ಬೇಡ, ಅದೆಲ್ಲಾ ನಿಜ. ಆದ್ರೆ ಸ್ವಾಲ್‌ಬಾರ್ಡ್ ನಾರ್ವೆಯದ್ದೇ ಆದ್ರೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡ್ಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಬರಲ್ಲ, ಅಲ್ಲಿಗೆ ಹೋಗೋ ದಾರಿ ಮಾತ್ರ ನಾರ್ವೆಯ ಮುಖ್ಯ ನೆಲದ ಮೂಲಕ. ಅಂದ್ರೆ ಓಸ್ಲೋಲಿ ಇಳಿದಾಗ ಒಂದ್ಸಲ ಷೆಂಗೆನ್ ಒಳಗೆ ಬಂದ್ರಿ, ಲಾಂಗ್‌ಇಯರ್‌ಬ್ಯೂನ್ ವಿಮಾನ ಹತ್ತಿದಾಗ ಹೊರಗೆ ಹೋದ್ರಿ, ವಾಪಸ್ ಬರೋವಾಗ ಎರಡನೇ ಸಲ ಒಳಗೆ ಬರ್ಬೇಕು. ಸಿಂಗಲ್ ಎಂಟ್ರಿ ವೀಸಾ ಇದ್ರೆ ವಾಪಸ್ ಬರೋಕೆ ಆಗಲ್ಲ, ಏರ್‌ಪೋರ್ಟಿಗೆ ಎಷ್ಟು ಚೆನ್ನಾಗಿ ಪ್ಲಾನ್ ಮಾಡ್ಕೊಂಡು ಹೋದ್ರೂ ಪ್ರಯೋಜನ ಇಲ್ಲ. ಅಪ್ಲೈ ಮಾಡೋವಾಗ್ಲೇ ಡಬಲ್ ಇಲ್ಲಾ ಮಲ್ಟಿಪಲ್ ಎಂಟ್ರಿ ಕೇಳಿ. ಟ್ರೊಮ್ಸೊ ಮೇಲೆ ಹೋಗೋ ಕೆಲವು ವಿಮಾನಗಳಲ್ಲಿ ಅಲ್ಲೇ ಎಲ್ಲರನ್ನೂ ಇಳಿಸಿ ಪಾಸ್‌ಪೋರ್ಟ್ ನೋಡಿ ಮತ್ತೆ ಹತ್ತಿಸ್ತಾರೆ, ಪಾಸ್‌ಪೋರ್ಟನ್ನ ಸೀಟ್ ಮೇಲೆ ಬ್ಯಾಗಲ್ಲಿ ಬಿಟ್ಟು ಇಳೀಬೇಡಿ. ಬೇಸಿಗೇಲಿ ಮಂಜು, ಚಳಿಗಾಲದಲ್ಲಿ ಗಾಳಿ, ಎರಡರಿಂದಲೂ ವಿಮಾನ ಕ್ಯಾನ್ಸಲ್ ಆಗೋದುಂಟು, ಹಂಗಾಗಿ ಓಸ್ಲೋಲಿ ಒಂದು ರಾತ್ರಿ ಮಧ್ಯೆ ಇಟ್ಕೊಂಡು ಬೆಂಗಳೂರಿನ ಟಿಕೆಟ್ ಮಾಡ್ಸಿ.

ರಿಸರ್ಚಿಗೆ ಹೋಗೋರಿಗೆ

ಕೊನೇದಾಗಿ, ಟೂರಿಗೆ ಅಲ್ದೇ ಕೆಲಸಕ್ಕೆ ಹೋಗೋ ನಮ್ಮವ್ರಿಗೆ ಎರಡು ಮಾತು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರೋದು ಇನ್ನೂ ಉತ್ತರಕ್ಕೆ, ನೀ-ಓಲೆಸುಂಡ್ ಅನ್ನೋ ಪುಟ್ಟ ಊರಲ್ಲಿ. 2023ರ ಡಿಸೆಂಬರಲ್ಲಿ ಮೊದಲ ಸಲ ಚಳಿಗಾಲದ ತಂಡ ಅಲ್ಲಿಗೆ ಹೋಯ್ತು, ಅದರಲ್ಲಿ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನವ್ರೂ ಇದ್ರು. ಅಲ್ಲಿಗೆ ರಸ್ತೆ ಇಲ್ಲ, ಲಾಂಗ್‌ಇಯರ್‌ಬ್ಯೂನ್‌ನಿಂದ ಚಿಕ್ಕ ಡಾರ್ನಿಯರ್ 228 ವಿಮಾನದಲ್ಲಿ ಅರ್ಧ ಗಂಟೆಯೊಳಗೆ ಹೋಗ್ಬೇಕು. ನಮ್ಮ ಎಚ್‌ಎಎಲ್ ಲೈಸೆನ್ಸ್ ತಗೊಂಡು ಕಾನ್ಪುರದಲ್ಲಿ ತಯಾರಿಸೋದೂ ಇದೇ ಮಾದರಿ ವಿಮಾನವೇ. ಸೀಟು ಕಮ್ಮಿ, ಯಾರು ಹೋಗ್ಬೇಕು ಅಂತ ಆ ಊರು ನಡೆಸೋ ಕಿಂಗ್ಸ್ ಬೇ ಸಂಸ್ಥೆಯವ್ರ ಒಪ್ಪಿಗೆ ಮೇಲೆ.

ಇವ್ರ ಲೆಕ್ಕ ಟೂರಿಸ್ಟ್‌ಗಿಂತ ಬೇರೆ. ಏರ್‌ಪೋರ್ಟ್ ಬಸ್ಸಿನ ಟೈಮ್ ದೊಡ್ಡ ವಿಮಾನಗಳಿಗೆ ಹೊಂದಿಸಿರೋದ್ರಿಂದ ಡಾರ್ನಿಯರ್ ಹೊರಡೋ ಹೊತ್ತಿಗೆ ಬಸ್ಸು ಸಿಗತ್ತೆ ಅಂತ ಕೂರ್ಬೇಡಿ, ಹಿಂದಿನ ದಿನವೇ ಟ್ಯಾಕ್ಸಿ ಹೇಳಿಡಿ, ಯಾವ ಜಾಗದಲ್ಲಿ ಚೆಕ್-ಇನ್ ಅಂತ ಮುಂಚೆನೇ ಕೇಳ್ಕೊಂಡು ಡ್ರೈವರಿಗೆ ಹೇಳಿ. ಹವೆ ಕೆಟ್ರೆ ವಿಮಾನ ಮಾರನೇ ದಿನಕ್ಕೆ ಹೋಗತ್ತೆ, ಅದಕ್ಕೆ ಊರಲ್ಲಿ ರೂಮ್ ಬುಕ್ ಮಾಡೋವಾಗ ಒಂದು ರಾತ್ರಿ ಜಾಸ್ತಿ ಮುಂದುವರಿಸ್ಬಹುದಾ ಅಂತ ಕೇಳಿರಿ. ನೀ-ಓಲೆಸುಂಡಲ್ಲಿ ಅಳತೆ ಮಾಡೋ ಸೂಕ್ಷ್ಮ ಯಂತ್ರಗಳಿಗೆ ತೊಂದ್ರೆ ಆಗ್ಬಾರ್ದು ಅಂತ ರೇಡಿಯೋ ಸಿಗ್ನಲ್ ಬಿಡೋ ಸಾಧನಗಳಿಗೆ ನಿರ್ಬಂಧ ಇದೆ, ಹಂಗಾಗಿ ಟ್ಯಾಕ್ಸಿ, ಹೋಟೆಲು, ಮನೆಗೆ ಮಾಡೋ ಫೋನು ಎಲ್ಲಾ ಲಾಂಗ್‌ಇಯರ್‌ಬ್ಯೂನಲ್ಲೇ ಮುಗಿಸ್ಕೊಂಡು, ವಿಮಾನ ಹತ್ತೋ ಮುಂಚೆ ಮೊಬೈಲು, ವಾಚು, ಇಯರ್‌ಫೋನು ಮೂರರಲ್ಲೂ ವೈಫೈ, ಬ್ಲೂಟೂತ್ ಆಫ್ ಮಾಡಿ.